ಒಳಬದಿಯ ಒಂದು ಹೊಲಿಗೆ

ನನ್ನ ಸೊಸೆಯ ರಫು ಕೆಲಸದ ಕೋಣೆ ಒಂದು ಸೈಕಲ್ ಅಂಗಡಿಯ ಮೇಲಿನ ಮಹಡಿಯಲ್ಲಿದೆ. ಉದ್ದನೆಯ ಕೋಣೆ, ಒಂದೇ ಗೋಡೆಗೆ ಏಳು ಕಿಟಕಿ. ಬಿಸಿಲು ನೇರವಾಗಿ ಬೀಳಬಾರದು, ಬೆಳಕು ಮಾತ್ರ ಬರಬೇಕು ಎಂದು ಆ ಕೋಣೆಯನ್ನು ಅವಳು ಎರಡು ತಿಂಗಳು ಹುಡುಕಿ ಬಾಡಿಗೆಗೆ ಹಿಡಿದಿದ್ದಳು. ಕಿಟಕಿಗಳ ಕೆಳಗೆ ಮೇಜುಗಳು, ಮೇಜುಗಳಲ್ಲಿ ಹನ್ನೊಂದು ಹೆಂಗಸರು, ಮೂಲೆಯಲ್ಲಿ ಹಬೆಯ ನಡುವೆ ಒಬ್ಬನೇ ಗಂಡಸು. ಅವನನ್ನು ಎಲ್ಲರೂ ಇಸ್ತ್ರಿ ಮಾವ ಎನ್ನುತ್ತಾರೆ. ನನಗಿಂತ ಹತ್ತು ವರ್ಷ ಚಿಕ್ಕವನಾದರೂ ನಾನೂ ಹಾಗೇ ಕರೆಯುತ್ತೇನೆ. ಅವನು ಅದಕ್ಕೆ ಬೇಸರಪಟ್ಟಿಲ್ಲ.

ಬಾಗಿಲ ಪಕ್ಕದ ಕುರ್ಚಿ ನನ್ನದು. ನನಗೆ ರಫು ಬರುವುದಿಲ್ಲ. ನಾನು ಅಲ್ಲಿಗೆ ಹೋಗುವುದು ಕಾಗದ ಪತ್ರ ನೋಡಿಕೊಳ್ಳಲು. ಬಂದ ಮೊದಲ ವಾರ ಒಂದು ಮಧ್ಯಾಹ್ನ ಎದ್ದು ಹೋಗಿ ಬರುವಷ್ಟರಲ್ಲಿ ಆ ಕುರ್ಚಿಯ ಮೇಲೆ ಒಂದು ದಿಂಬು ಬಂದಿತ್ತು. ಯಾರಿಟ್ಟರು ಎಂದು ಕೇಳಿದೆ. ಯಾರೂ ತಲೆ ಎತ್ತಲಿಲ್ಲ. ದಿಂಬಿನ ಅಂಚಿನ ಹೊಲಿಗೆ ನೋಡಿದರೆ ಸೊಸೆಯದೇ ಕೈ.

ಅಲ್ಲಿಗೆ ಬರುವುದು ಉಣ್ಣೆಯ ಕೋಟುಗಳು. ಸಮುದ್ರದಾಚೆ ಚಳಿಯ ದೇಶವೊಂದರ ಕಂಪನಿ ದುಬಾರಿ ಕೋಟುಗಳನ್ನು ಮಾರುತ್ತದೆ. ಮಾರುವಾಗಲೇ ಗಿರಾಕಿಗಳಿಗೆ ಒಂದು ಮಾತು ಕೊಡುತ್ತದೆ: ಕೋಟು ಹರಿದರೆ, ನುಸಿ ತಿಂದರೆ, ಕಿಡಿ ಬಿದ್ದು ತೂತಾದರೆ, ಅದು ಬಾಳುವಷ್ಟು ಕಾಲ ನಾವೇ ಸರಿಮಾಡಿಸಿಕೊಡುತ್ತೇವೆ ಎಂದು. ಹೀಗೆ ಹರಿದ ಕೋಟುಗಳೆಲ್ಲ ಪೆಟ್ಟಿಗೆಗಳಲ್ಲಿ ನಮ್ಮ ಮಹಡಿ ಹತ್ತುತ್ತವೆ. ನಮ್ಮ ಹೆಂಗಸರು ಅದೇ ಕೋಟಿನ ಒಳಮಡಿಕೆಯಿಂದ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಎಳೆಗಳನ್ನು ತೆಗೆದು, ಸೂಜಿಯಲ್ಲಿ ತೂತಿನ ಮೇಲೆ ಹೊಸ ಬಟ್ಟೆಯನ್ನೇ ನೇಯುತ್ತಾರೆ. ಮುಗಿದ ಮೇಲೆ ಕಣ್ಣು ಮುಚ್ಚಿ ಬೆರಳಾಡಿಸಿದರೂ ತೂತು ಎಲ್ಲಿತ್ತೆಂದು ತಿಳಿಯುವುದಿಲ್ಲ.

ತಿಳಿಯುವುದು ಒಂದೇ ಗುರುತಿನಿಂದ. ರಫು ಮುಗಿದ ಮೇಲೆ, ಒಳಬದಿಯಲ್ಲಿ, ಅಕ್ಕಿಕಾಳಿನಷ್ಟು ಉದ್ದದ ಒಂದು ಬಣ್ಣದ ಹೊಲಿಗೆ ಹಾಕುತ್ತಾರೆ. ಒಬ್ಬೊಬ್ಬರಿಗೆ ಒಂದೊಂದು ಬಣ್ಣ. ಸೊಸೆಯದು ಹಸಿರು. ಬಾಯಿ ಮುಚ್ಚಲಾರದ, ಎಲ್ಲರೂ ಮಾತಿನಮಲ್ಲಿ ಎಂದೇ ಕರೆಯುವ ಹೆಂಗಸಿನದು ಕಿತ್ತಳೆ. ಎಲ್ಲರಿಗಿಂತ ಹಿರಿಯಳಾದ, ದಪ್ಪ ಗಾಜು ಹಾಕುವುದರಿಂದ ಕನ್ನಡಕದಕ್ಕ ಎನಿಸಿಕೊಂಡವಳದು ನೀಲಿ. ಈ ಪದ್ಧತಿ ಸೊಸೆಗೆ ಅವಳ ಚಿಕ್ಕಮ್ಮನಿಂದ ಬಂದದ್ದು. ಕೆಲಸ ಕಲಿಸಿದವರೂ ಅವರೇ. ಗುರುತು ಯಾಕೆ ಹಾಕುತ್ತೀರಿ ಎಂದು ಆ ಕೋಣೆಯಲ್ಲಿ ಯಾರನ್ನೂ ಯಾರೂ ಕೇಳಿದ್ದಿಲ್ಲ. ಊಟ ಮಾಡಿ ಕೈ ತೊಳೆದ ಹಾಗೆ ಅದು.

ನಾನು ಕಾಲೇಜಿನಲ್ಲಿ ಆ ಕಂಪನಿಯವರ ಭಾಷೆಯನ್ನೇ ಮುಖ್ಯ ವಿಷಯವಾಗಿ ಓದಿದವಳು. ಆಮೇಲೆ ಮೂವತ್ತೊಂದು ವರ್ಷ ಕಾಲೇಜಿನ ಲೈಬ್ರರಿಯಲ್ಲಿ ಕೆಲಸ ಮಾಡಿದೆ. ಆ ಭಾಷೆಯ ಪುಸ್ತಕಗಳನ್ನು ರಾಶಿ ರಾಶಿ ಓದಿದ್ದೇನೆ. ಆದರೆ ಅದನ್ನು ಮಾತಾಡುವ ಜನರ ಜೊತೆ ಕೂತು ಒಂದು ಲೋಟ ಚಹಾ ಕುಡಿದವಳಲ್ಲ. ಈ ಕೊರತೆ ಇಷ್ಟು ದೊಡ್ಡದೆಂದು ನನಗೆ ಎಪ್ಪತ್ತೊಂದನೆಯ ವಯಸ್ಸಿನಲ್ಲಿ ಗೊತ್ತಾಯಿತು.

ಒಂದು ಬೆಳಗ್ಗೆ ಕಂಪನಿಯ ಮ್ಯಾನೇಜರ್ ಹೆಂಗಸಿನಿಂದ ಒಂದು ಪತ್ರ ಬಂತು. ಎಂದಿನ ಎರಡು ಸಾಲಿನ ಪತ್ರವಲ್ಲ, ಒಂದು ಪುಟ. ಸೊಸೆ ಸೂಜಿ ಕೆಳಗಿಟ್ಟು, "ಎಲ್ಲರಿಗೂ ಕೇಳೋ ಹಾಗೆ ಓದಿ ಅತ್ತೆ" ಎಂದಳು. ಇಸ್ತ್ರಿ ಮಾವ ಹಬೆ ನಿಲ್ಲಿಸಿದ. ನಾನು ಓದುತ್ತ ಓದುತ್ತಲೇ ನಮ್ಮ ಮಾತಿಗೆ ತಂದೆ.

"ನಿಮ್ಮ ಕೈಕೆಲಸವನ್ನು ನೋಡುವುದೇ ನಮಗೊಂದು ಸಂತೋಷ. ಪೆಟ್ಟಿಗೆಗಳು ಹೇಳಿದ ದಿನಕ್ಕೆ ಬರುತ್ತಿವೆ. ಕೋಟುಗಳ ಒಳಬದಿಯಲ್ಲಿ ಬಣ್ಣದ ಸಣ್ಣ ಹೊಲಿಗೆಗಳಿರುವುದನ್ನು ನಮ್ಮ ಗಿರಾಕಿಗಳಲ್ಲಿ ಹಲವರು ಗಮನಿಸಿ ನಮಗೆ ಬರೆದಿದ್ದಾರೆ. ಇದು ನಿಮಗೂ ತಿಳಿದಿರಲಿ ಎನಿಸಿತು. ನಿಮ್ಮೊಂದಿಗಿನ ಈ ಸಂಬಂಧ ನಮಗೆ ಬಹಳ ಅಮೂಲ್ಯ."

ಹೆಂಗಸರು ಒಬ್ಬರನ್ನೊಬ್ಬರು ನೋಡಿ ನಕ್ಕರು. ಆಮೇಲೆ ಮಾತಿನಮಲ್ಲಿ, "ನನ್ನ ಕಿತ್ತಳೆ ಅಲ್ಲಿಯವರ ಕಣ್ಣಿಗೆ ಬಿತ್ತಾ" ಎಂದಳು. "ನೋಡಿ, ಕಟ್ಟಿಕೊಂಡವನು ಇಪ್ಪತ್ತು ವರ್ಷದಲ್ಲಿ ನನ್ನ ಸೀರೆ ಬಣ್ಣ ಯಾವುದು ಅಂತ ಗಮನಿಸಿಲ್ಲ."

ಆ ಪತ್ರವನ್ನು ನಾವು ತಪ್ಪು ತಿಳಿದದ್ದು ಹೇಗೆಂದು ಹೇಳಬೇಕು. ನಮ್ಮ ಕೋಣೆಗೆ ದೂರು ಬರುವುದು ಮೆಟ್ಟಿಲು ಹತ್ತಿಕೊಂಡು. ಊರಿನ ಗಿರಾಕಿಗೆ ರಫು ಹಿಡಿಸದಿದ್ದರೆ ಅವನು ಕೆಳಗಿನ ಸೈಕಲ್ ಅಂಗಡಿಯಿಂದಲೇ ಕೂಗಲು ಶುರು ಮಾಡುತ್ತಾನೆ. ಮೇಲೆ ಬರುವಷ್ಟರಲ್ಲಿ ಅರ್ಧ ಮುಗಿದಿರುತ್ತದೆ. ಬಯ್ಯಲು ಒಬ್ಬರು ಕೂತು ಒಂದು ಪುಟ ಬರೆಯುತ್ತಾರೆ, ಹಿಂದೆ ಮುಂದೆ ಹೊಗಳಿಕೆ ಇಟ್ಟು ನಡುವೆ ದೂರನ್ನು ಮಡಿಚಿಡುತ್ತಾರೆ ಎನ್ನುವುದು ನಮ್ಮ ಕಲ್ಪನೆಗೇ ಬರುವ ಮಾತಲ್ಲ. ಈ ಹೆಂಗಸರಿಗೆ ಬರಲಿಲ್ಲ, ಸರಿ. ಅಷ್ಟು ಪುಸ್ತಕ ಓದಿದ ನನಗೂ ಬರಲಿಲ್ಲ. ನಾನು ಒಂದೊಂದು ಮಾತಿನ ಅರ್ಥವನ್ನೂ ಸರಿಯಾಗಿಯೇ ಹೇಳಿದ್ದೆ. ಪತ್ರದ ಅರ್ಥ ಮಾತ್ರ ನನ್ನ ಕೈಗೆ ಸಿಕ್ಕಿರಲಿಲ್ಲ.

"ಅಷ್ಟು ಮೆಚ್ಚಿದ್ರೆ ಇನ್ನೊಂದು ಹೊಲಿಗೆ ಹಾಕೋಣ" ಎಂದವಳು ಮಾತಿನಮಲ್ಲಿ. ಎಲ್ಲರೂ ಒಪ್ಪಿದರು. ಒಂದಿದ್ದದ್ದು ಎರಡಾಯಿತು, ಅಡ್ಡಕ್ಕೊಂದು ಉದ್ದಕ್ಕೊಂದು. ಹುಡುಕುವ ಕಷ್ಟ ಗಿರಾಕಿಗಳಿಗೆ ಯಾಕೆ ಎಂದು ಅದನ್ನು ಒಳಜೇಬಿನ ಪಕ್ಕಕ್ಕೇ ತಂದರು. ಕನ್ನಡಕದಕ್ಕ ಮಾತ್ರ "ಇಷ್ಟು ಬೇಕಾ" ಎಂದು ಒಂದು ಸಲ ಗೊಣಗಿ ಸುಮ್ಮನಾದಳು. ನಾನು ನನ್ನ ಅತ್ಯುತ್ತಮ ಭಾಷೆಯಲ್ಲಿ ಉತ್ತರ ಬರೆದೆ: ನಿಮ್ಮ ಗಿರಾಕಿಗಳ ಪ್ರೀತಿಗೆ ಋಣಿಗಳು, ಇನ್ನು ಮುಂದೆ ಪ್ರತಿ ಕೋಟಿಗೂ ಎರಡೆರಡು ಹೊಲಿಗೆ ಹಾಕುತ್ತೇವೆ. ಅದನ್ನು ನೆನೆದರೆ ಈಗಲೂ ನಾಲಿಗೆ ಕಚ್ಚಿಕೊಳ್ಳುತ್ತೇನೆ.

ಒಂದೂವರೆ ತಿಂಗಳು ಕಳೆದ ಮೇಲೆ ಮ್ಯಾನೇಜರ್ ವಿಡಿಯೋ ಕಾಲ್ ಮಾಡಿದಳು. ಸೊಸೆ ಬಣ್ಣದ ದಾರ ತರಲು ಅಂಗಡಿಗೆ ಹೋಗಿದ್ದಳು. ನಾನೊಬ್ಬಳೇ ಫೋನಿನ ಮುಂದೆ ಕೂತೆ. ಐವತ್ತರ ಸುಮಾರಿನ ಹೆಂಗಸು, ಗಿಡ್ಡನೆಯ ನರೆಗೂದಲು, ನಗುಮುಖ. ನನ್ನ ಆರೋಗ್ಯ ಕೇಳಿದಳು, ಹವೆ ಕೇಳಿದಳು, ಕೆಲಸಗಾರರನ್ನು ಮತ್ತೆ ಹೊಗಳಿದಳು. ಆಮೇಲೆ ಅದೇ ನಗುಮುಖದಲ್ಲಿ, ಮುಂದಿನ ಚಳಿಗಾಲದ ಪೆಟ್ಟಿಗೆಗಳಿಗೆ ಬೇರೆ ಊರುಗಳನ್ನೂ ನೋಡುತ್ತಿದ್ದೇವೆ ಎಂದಳು.

"ಕೆಲಸದಲ್ಲಿ ಏನು ತಪ್ಪಾಗಿದೆ?" ಎಂದೆ.

"ತಪ್ಪು ಅಂತಲ್ಲ." ಅವಳು ಪಕ್ಕಕ್ಕೆ ನೋಡಿದಳು. "ನಾನು ಆ ದಾರಗಳ ವಿಷಯ ಬರೆದಿದ್ದೆ. ಅದಾದ ಮೇಲೆ ಅವು ಎರಡಾದವು. ಇಲ್ಲಿ ಮೇಲಿನವರಿಗೆ ನೀವು ನಮ್ಮನ್ನು ಹಾಸ್ಯ ಮಾಡುತ್ತಿದ್ದೀರಿ ಅನಿಸಿದೆ."

ಆಗ ಎಲ್ಲವೂ ನನ್ನ ತಲೆಗೆ ಹೋಯಿತು. ಹಾಸ್ಯ ಅಲ್ಲ, ಪತ್ರವನ್ನು ಮೆಚ್ಚುಗೆ ಎಂದು ತಿಳಿದವಳು ನಾನು, ತಪ್ಪು ನನ್ನದು ಎಂದು ಹೇಗೋ ಹೇಳಿದೆ. ಅವಳು ಮೊದಲು ಕಣ್ಣರಳಿಸಿದಳು. ಆಮೇಲೆ ಬೇರೆ ದನಿಯಲ್ಲಿ, "ಹಾಗಾದರೆ ನಾನೇ ಬರುತ್ತೇನೆ. ಬೇರೆ ಏನು ಮಾಡುವ ಮೊದಲು ಒಂದು ಸಲ ಕೂತು ಮಾತಾಡೋಣ" ಎಂದಳು. ಬರಲೇಬೇಕಾದ ಅಗತ್ಯ ಅವಳಿಗೆ ಇರಲಿಲ್ಲ. ಅದನ್ನು ನಾನು ಮರೆಯುವುದಿಲ್ಲ.

ಸೊಸೆ ಬಂದ ಮೇಲೆ ಎಲ್ಲರ ಮುಂದೆಯೇ ಹೇಳಿದೆ. ಅವಳು ಕಡ್ಡಿ ಮುರಿದಂತೆ ಮಾತಾಡುವವಳು. ನಾಲ್ಕು ಮಾತು ಬೀಳುತ್ತವೆ ಎಂದು ಕಾದೆ. ಅವಳು ಸ್ಟೂಲು ಎಳೆದುಕೊಂಡು ನನ್ನ ಪಕ್ಕ ಕೂತಳು.

"ಆ ಕಾಗದ ಇನ್ನೊಂದು ಸಲ ಓದಿ."

ಓದಿದೆ.

"ಇದರಲ್ಲಿ ಬೈಗುಳ ಎಲ್ಲಿದೆ?"

"ಮೂರನೇ ವಾಕ್ಯದಲ್ಲಿ."

"ಇದಾ? ಗಮನಿಸಿ ಬರೆದಿದಾರೆ ಅನ್ನೋದಾ? ನಮ್ಮ ಚಿಕ್ಕಮ್ಮ ಕೇಳಿದ್ರೆ ಇದನ್ನ ಜೋಗುಳ ಅಂತಿದ್ರು." ಅವಳು ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು, ಆ ಭಾಷೆ ಓದಲು ಬಾರದಿದ್ದರೂ ಬೆಳಕಿಗೆ ಹಿಡಿದು ನೋಡಿದಳು, ಹರಿದ ಬಟ್ಟೆ ನೋಡುವ ಹಾಗೆ.

ಮಾತಿನಮಲ್ಲಿ ಚಹಾ ತಂದು ನನ್ನ ಮುಂದಿಟ್ಟಳು. "ಉಬ್ಬಿದ್ದು ನಾವೆಲ್ಲ ಅಜ್ಜಿ, ನೀವೊಬ್ರೇ ಅಲ್ಲ. ಎರಡು ಮಾಡೋಣ ಅಂದೋಳು ನಾನು. ಕುಡೀರಿ."

ಕುಡಿದೆ. ಆದರೆ ಲೆಕ್ಕ ಎಲ್ಲರಿಗೂ ಗೊತ್ತಿತ್ತು. ಕೋಣೆಯ ಕೆಲಸದಲ್ಲಿ ಮುಕ್ಕಾಲು ಪಾಲು ಆ ಪೆಟ್ಟಿಗೆಗಳದ್ದು. ಅವು ನಿಂತರೆ ಹನ್ನೊಂದರಲ್ಲಿ ಎಂಟು ಜನ ಮನೆಗೆ ಹೋಗಬೇಕು.

"ಗುರುತು ತೆಗೆದುಬಿಡೋಣ" ಎಂದು ಮಾತಿನಮಲ್ಲಿಯೇ ಹೇಳಿದಳು. "ದಾರ ಅಲ್ವಾ. ಬೇಡ ಅಂದ್ರೆ ಬೇಡ."

ಸೊಸೆ ಮನೆಗೆ ನಡೆದು ಬರುವಾಗ ದಾರಿಯಲ್ಲಿ ಒಂದೇ ಮಾತು ಹೇಳಿದಳು: "ಗುರುತು ಇಲ್ಲದೆ ಕಳಿಸಿದ್ರೆ ಅದು ಯಾರ ಕೆಲಸ ಅತ್ತೆ? ಯಾರದ್ದೂ ಅಲ್ಲ. ಯಾರದ್ದೂ ಅಲ್ಲದ ಕೆಲಸ ನನಗೆ ಮಾಡೋಕೆ ಬರಲ್ಲ. ಆದರೆ ಎಂಟು ಜನರನ್ನ ಮನೆಗೆ ಕಳಿಸೋಕೂ ಬರಲ್ಲ." ಅವಳ ಹೆಜ್ಜೆ ನನಗಿಂತ ದೊಡ್ಡದು. ಅಂದು ಅದನ್ನು ಚಿಕ್ಕದು ಮಾಡಿಕೊಂಡು ನಡೆದಳು.

ಎರಡು ವಾರದ ಮೇಲೆ ಮ್ಯಾನೇಜರ್ ಬಂದಳು. ಬರುವ ಮೊದಲೇ ಮಾತಿನಮಲ್ಲಿ ಅವಳಿಗೆ ಕೋಟು ಮೇಡಂ ಎಂದು ಹೆಸರಿಟ್ಟಾಗಿತ್ತು. ನಾನು ಕೆಳಗೆ ಹೋಗಿ ಕರೆದುಕೊಂಡು ಬಂದೆ. ನನ್ನ ಮಂಡಿಗೆ ಆ ಮೆಟ್ಟಿಲುಗಳು ಕಷ್ಟ. ಅವಳು ದೊಡ್ಡ ಸೂಟ್‌ಕೇಸ್ ಹಿಡಿದು ನನ್ನ ಹಿಂದೆಯೇ ನಿಧಾನವಾಗಿ ಹತ್ತಿದಳು. ನಾನು ನಿಂತಾಗಲೆಲ್ಲ ತಾನೂ ನಿಂತು, ತನಗೇ ದಣಿವಾದ ಹಾಗೆ ಗೋಡೆಗೆ ಒರಗಿದಳು. ಕೋಣೆಗೆ ಬಂದವಳೇ ಹನ್ನೊಂದು ಮೇಜಿಗೂ ಹೋಗಿ, ನಮ್ಮ ಮಾತಿನಲ್ಲೇ "ಚೆನ್ನಾಗಿದೀರಾ" ಎಂದು ಒಬ್ಬೊಬ್ಬರನ್ನೂ ಕೇಳಿದಳು. ವಿಮಾನದಲ್ಲಿ ದಾರಿಯುದ್ದಕ್ಕೂ ಅಭ್ಯಾಸ ಮಾಡಿದಳಂತೆ. ಏಳನೆಯ ಮೇಜಿಗೆ ಬರುವಷ್ಟರಲ್ಲಿ ನಾಲಿಗೆ ಪಳಗಿತ್ತು.

ದೊಡ್ಡ ಮೇಜಿನ ಸುತ್ತ ಕೂತೆವು. ಅತ್ತ ಕೋಟು ಮೇಡಂ, ಇತ್ತ ಸೊಸೆ, ನಡುವೆ ನಾನು. ಉಳಿದವರು ತಮ್ಮ ತಮ್ಮ ಜಾಗದಲ್ಲಿ ಸೂಜಿ ಆಡಿಸುತ್ತಿದ್ದರು. ಕಿವಿ ಮಾತ್ರ ಇಲ್ಲಿತ್ತು.

ಮೇಡಂ ಶುರು ಮಾಡಿದಳು. ಕೋಣೆಯ ಬೆಳಕು ಎಷ್ಟು ಚಂದ ಎಂದಳು. ಇಷ್ಟು ಶಿಸ್ತಿನ ಕೆಲಸ ತಾನು ಬೇರೆಲ್ಲೂ ಕಂಡಿಲ್ಲ ಎಂದಳು. ನಾನು ಹೇಳುತ್ತ ಹೋದೆ.

"ಇನ್ನೂ ಹೊಗಳ್ತಾನೇ ಇದಾರಾ?" ಎಂದಳು ಸೊಸೆ.

"ಹೂಂ."

"ವಿಷಯಕ್ಕೆ ಯಾವಾಗ ಬರ್ತಾರೆ, ಕೇಳಿ."

ನಾನು ಮೇಡಂ ಕಡೆ ತಿರುಗಿ, ಪ್ರಯಾಣದಿಂದ ನಿಮಗೆ ಆಯಾಸವಾಗಿರಬಹುದು, ನಿಮಗೆ ಅಡ್ಡಿಯಿಲ್ಲದಿದ್ದರೆ ಕೋಟುಗಳನ್ನೇ ನೋಡೋಣವೇ ಎಂದು ಸೊಸೆ ವಿಚಾರಿಸುತ್ತಿದ್ದಾಳೆ ಎಂದೆ.

ಸೊಸೆ ನನ್ನ ತೋಳು ಮುಟ್ಟಿದಳು. "ಅತ್ತೆ. ನಾನು ನಾಲ್ಕು ಮಾತಾಡಿದ್ರೆ ನೀವು ಹದಿನಾಲ್ಕು ಆಡ್ತಿದೀರಿ. ಏನು ಸೇರಿಸ್ತಿದೀರಿ?"

"ಸ್ವಲ್ಪ ಮರ್ಯಾದೆ."

"ನನ್ನ ಮಾತಲ್ಲಿ ಮರ್ಯಾದೆ ಇಲ್ವಾ?"

ಅವಳು ಕೋಪದಿಂದ ಕೇಳಲಿಲ್ಲ. ನಿಜವಾಗಿ ಕೇಳಿದಳು. ಇಪ್ಪತ್ತಾರು ವರ್ಷ ಒಂದೇ ಮನೆಯಲ್ಲಿ ಇದ್ದವಳ ಬಗ್ಗೆ ನಾನು ಏನು ಹೇಳಿಬಿಟ್ಟೆ ಎಂದು ಆಗ ಅರಿವಾಯಿತು. ನನಗೆ ಜ್ವರ ಬಂದಾಗ ಹೇಗಿದ್ದೀರಿ ಎಂದು ಕೇಳುವವಳಲ್ಲ ಅವಳು. ಸುಮ್ಮನೆ ಬಂದು ಹಾಸಿಗೆಯ ಹೊದಿಕೆ ಬದಲಿಸಿ ಹೋಗುತ್ತಾಳೆ. ಅವಳ ಮರ್ಯಾದೆ ಮಾತಿನ ಹೊರಬದಿಯಲ್ಲಿ ಕಾಣುವುದಿಲ್ಲ, ಒಳಬದಿಯಲ್ಲಿರುತ್ತದೆ.

"ಇದೆ" ಎಂದೆ. "ಇನ್ನು ಏನೂ ಸೇರಿಸಲ್ಲ."

ಮೇಡಂಗೆ ಹೇಳಿದೆ: ನಾನು ಈವರೆಗೆ ಸೊಸೆಯ ಮಾತನ್ನು ಮೆತ್ತಗೆ ಮಾಡಿ ಹೇಳುತ್ತಿದ್ದೆ, ಇನ್ನು ಇದ್ದ ಹಾಗೆ ಹೇಳುತ್ತೇನೆ. ಒರಟು ಅನಿಸಿದರೆ ಅದು ಸಿಟ್ಟಲ್ಲ, ಇಲ್ಲಿಯ ರೀತಿ. ನೀವೂ ನಿಮ್ಮ ಸ್ವಂತ ಅಕ್ಕನಿಗೆ ಹೇಳುವ ಹಾಗೆ ಹೇಳಿ.

ಅವಳು ನಕ್ಕಳು. ಈ ಸಲದ ನಗು ಬೇರೆ. "ನನ್ನ ಅಕ್ಕನಿಗೆ ಹೇಳೋ ಹಾಗೆ ಹೇಳಿದರೆ ನೀವು ನನ್ನನ್ನು ಮೆಟ್ಟಿಲಿಂದ ತಳ್ಳುತ್ತೀರಿ" ಎಂದಳು. ಆಮೇಲೆ ಎರಡೂ ಕೈ ಮೇಜಿನ ಮೇಲಿಟ್ಟು ಹೇಳಿದಳು: "ನಮ್ಮವರು ಕೋಟಿನ ಒಳಗೆ ಕಿತ್ತಳೆ ದಾರ ನೋಡಿದರೆ, ಹೊಲಿದವರು ಕತ್ತರಿಸೋಕೆ ಮರೆತರು ಅಂದುಕೊಳ್ಳುತ್ತಾರೆ. ಅಸಡ್ಡೆ ಅಂದುಕೊಳ್ಳುತ್ತಾರೆ."

ಅದನ್ನು ನಾನು ಇದ್ದ ಹಾಗೆ ಹೇಳಿದೆ. ಅಸಡ್ಡೆ ಎನ್ನುವ ಮಾತು ಕೇಳಿ ಹನ್ನೊಂದು ಸೂಜಿಗಳೂ ನಿಂತವು. ಆ ಕೋಣೆಯಲ್ಲಿ ಅಂಥ ಮಾತು ಬಿದ್ದದ್ದು ಅದೇ ಮೊದಲು.

ಸೊಸೆ, ಮೇಡಂ ತನ್ನ ಸೂಟ್‌ಕೇಸಿನಿಂದ ತೆಗೆದಿಟ್ಟಿದ್ದ ಕೋಟುಗಳನ್ನು ಒಂದೊಂದಾಗಿ ನೋಡಿದಳು. ಮೂರನೆಯದು ಬೂದು ಬಣ್ಣದ್ದು. ಅದರ ಮೊಣಕೈಯ ರಫು ಒಂದು ಅಂಚಿನಲ್ಲಿ ಬಿಟ್ಟಿತ್ತು. ದಾರದ ದೂರಿನ ಜೊತೆ ಅದನ್ನೂ ತೋರಿಸಲೆಂದು ಮೇಡಂ ತಂದಿದ್ದಳು, ಹೇಳಲು ಮಾತ್ರ ಬಾಯಿ ಬಂದಿರಲಿಲ್ಲ. ಸೊಸೆ ತೋಳನ್ನು ಒಳಹೊರಗು ಮಾಡಿದಳು. ನೀಲಿ ಹೊಲಿಗೆ.

"ಕನ್ನಡಕದಕ್ಕ, ಇಲ್ಲಿ ಬನ್ನಿ. ಇದು ನಿಮ್ಮದು."

ಕನ್ನಡಕದಕ್ಕ ಭೂತಗನ್ನಡಿ ಹಿಡಿದುಕೊಂಡು ಬಂದಳು. ಕೋಟನ್ನು ಕಿಟಕಿಯ ಕಡೆ ತಿರುಗಿಸಿ, ಕನ್ನಡಕದ ಮೇಲೆ ಭೂತಗನ್ನಡಿ ಇಟ್ಟು, ಬಹಳ ಹೊತ್ತು ನೋಡಿದಳು. ಹೊರಗಿನಿಂದ ಹಣ ಕೊಡುವವರು ಬಂದು ಎದುರಿಗೆ ಕೂತಿದ್ದಾರೆ, ಎಂಟು ಜನರ ಕೆಲಸ ತೂಗಾಡುತ್ತಿದೆ ಎನ್ನುವುದು ಅವಳ ಮುಖದಲ್ಲಿ ಎಲ್ಲೂ ಇರಲಿಲ್ಲ.

"ನನ್ನದೇ" ಎಂದಳು. "ಎಳೆ ಬಿಗಿ ಎಳೆದುಬಿಟ್ಟಿದೀನಿ. ಮೊಣಕೈ ಮಡಚುತ್ತೆ ಅನ್ನೋದು ಯೋಚನೆ ಮಾಡಿಲ್ಲ, ಬೆನ್ನಿಗೆ ಹಾಕೋ ಹಾಗೆ ಹಾಕಿದೀನಿ. ನನ್ನ ತಪ್ಪು. ಬಿಚ್ಚಿ ಮತ್ತೆ ಮಾಡ್ತೀನಿ, ಕೊಡಿ." ಕೋಟು ತೆಗೆದುಕೊಂಡು ಹೋಗಿ ತನ್ನ ಜಾಗದಲ್ಲಿ ಕೂತು ಆಗಲೇ ಬಿಚ್ಚಲು ಶುರು ಮಾಡಿದಳು.

"ಅವರು ಏನು ಹೇಳಿದರು?" ಎಂದು ಮೇಡಂ ಕೇಳಿದಳು.

ಹೇಳಿದೆ.

ಅವಳು ಕನ್ನಡಕದಕ್ಕನನ್ನೇ ನೋಡುತ್ತಿದ್ದಳು. "ನನ್ನ ಎದುರಿಗೇ ಒಪ್ಪಿಕೊಂಡರಾ? ಈಗ ಅವರಿಗೆ ಏನು ಶಿಕ್ಷೆ?"

ಸೊಸೆಗೆ ಈ ಪ್ರಶ್ನೆ ಅರ್ಥವಾಗಲು ಎರಡು ಸಲ ಹೇಳಬೇಕಾಯಿತು. "ಶಿಕ್ಷೆನಾ? ರಫು ಬಿಚ್ಚಿ ರಫು ಮಾಡೋದಕ್ಕಿಂತ ದೊಡ್ಡ ಶಿಕ್ಷೆ ಇದೆಯಾ? ಒಂದು ಸಲ ಮಾಡಿ ನೋಡೋಕೆ ಹೇಳಿ." ಆಮೇಲೆ ಬೂದು ದಾರದ ಚೂರುಗಳನ್ನು ಮೇಜಿನಿಂದ ಗುಡಿಸುತ್ತ ನಿಧಾನವಾಗಿ ಹೇಳಿದಳು: "ಆ ಹೊಲಿಗೆ ಯಾಕೆ ಅಂತ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಅದು ಮೆರೆಯೋಕೆ ಹಾಕೋದಲ್ಲ. ಬೈಸಿಕೊಳ್ಳೋಕೆ ಹಾಕೋದು. ರಫು ಬಿಟ್ಟರೆ ಅದು ಮಾಡಿದ ಕೈಗೇ ವಾಪಸ್ ಬರಬೇಕು. ಎಲ್ಲಿ ಎಳೆದೆ, ಎಲ್ಲಿ ಬಿಟ್ಟೆ ಅನ್ನೋದು ಆ ಕೈಗೇ ಗೊತ್ತಿರೋದು. ಬೇರೆಯವರು ಮುಟ್ಟಿದ್ರೆ ತೂತು ದೊಡ್ಡದಾಗುತ್ತೆ."

ನಾನು ಒಂದೊಂದೇ ವಾಕ್ಯ ಮಾಡಿ ಹೇಳಿದೆ. ಬೈಸಿಕೊಳ್ಳುವುದು ಎನ್ನುವುದಕ್ಕೆ ಅವರ ಭಾಷೆಯಲ್ಲಿ ಒಂದು ಮಾತು ಸಿಗಲಿಲ್ಲ. ಮೂರು ಮಾತು ಬಳಸಿದೆ. ಅದನ್ನು ಸೊಸೆಗೆ ತಿಳಿಸಿಯೇ ಬಳಸಿದೆ.

ಮೇಡಂ ಒಂದು ಕೋಟಿನ ಒಳಬದಿಯ ಹೊಲಿಗೆಯ ಮೇಲೆ ಬೆರಳಾಡಿಸಿದಳು. "ನಮ್ಮ ಆಫೀಸಿನಲ್ಲಿ ಏನಾದರೂ ಕೆಟ್ಟರೆ," ಎಂದಳು ಕೊನೆಗೆ, "ಮೂರು ತಿಂಗಳು ವಿಚಾರಣೆ ನಡೆಯುತ್ತದೆ. ಕೊನೆಗೆ ಅದನ್ನು ಯಾರೂ ಮಾಡಿಲ್ಲ ಅಂತ ತೀರ್ಮಾನ ಆಗುತ್ತದೆ. ಅದಕ್ಕೇ ನಾವು ಅಷ್ಟು ಮೆತ್ತಗೆ ಬರೆಯೋದು. ತಪ್ಪು ಅಂತ ಬರೆದರೆ ಯಾರೋ ಒಬ್ಬರ ಕೆಲಸ ಹೋಗುತ್ತದೆ."

"ನಮ್ಮ ಮನೇಲೂ ಹಾಗೇ ಮೇಡಂ" ಎಂದು ಕಿಟಕಿಯ ಹತ್ತಿರದಿಂದ ಮಾತಿನಮಲ್ಲಿ ಕೂಗಿದಳು. "ಲೋಟ ಒಡೆದಿರುತ್ತೆ, ಒಡೆದೋರು ಹುಟ್ಟೇ ಇಲ್ಲ." ನಾನು ಅದನ್ನೂ ಹೇಳಿದೆ. ಮೇಡಂ ಜೋರಾಗಿ ನಕ್ಕಳು. ಆ ಮೆತ್ತನೆಯ ಪತ್ರದ ಹಿಂದೆ ಯಾರದೋ ಕೆಲಸ ಉಳಿಸುವ ಕಾಳಜಿ ಇತ್ತು ಎಂದು ನನಗೂ ಆಗಲೇ ತಿಳಿದದ್ದು.

ನಗು ಮುಗಿದ ಮೇಲೆ ಸೊಸೆ ಬೆನ್ನು ನೆಟ್ಟಗೆ ಮಾಡಿ ಕೂತಳು. "ಈಗ ಇದನ್ನ ಹೇಳಿ ಅತ್ತೆ. ಎರಡು ಹೊಲಿಗೆ ಹಾಕಿದ್ದು, ಜೇಬಿನ ಪಕ್ಕ ತಂದದ್ದು, ಅದು ನಮ್ಮ ತಪ್ಪು. ಅದು ಮೆರೆದ ಹಾಗೇ ಆಯ್ತು. ತೆಗೀತೀವಿ. ಆದರೆ ಒಂದು ಹೊಲಿಗೆ, ಒಳಗಡೆ, ಇದ್ದೇ ಇರುತ್ತೆ. ಅದು ಬೇಡ ಅಂದ್ರೆ ಪೆಟ್ಟಿಗೆ ಬೇರೆ ಕಡೆ ಕಳಿಸಲಿ. ಕೋಪ ಮಾಡ್ಕೊಳಲ್ಲ."

ನಾನು ಕೋಣೆಯನ್ನೊಮ್ಮೆ ನೋಡಿದೆ. ದಾರ ಅಲ್ವಾ, ಬೇಡ ಅಂದ್ರೆ ಬೇಡ ಎಂದಿದ್ದ ಮಾತಿನಮಲ್ಲಿ ತಲೆ ಎತ್ತಿ ಕೂತಿದ್ದಳು. ಅವಳು ನನಗೆ, ಹೇಳಿ ಎನ್ನುವ ಹಾಗೆ ಗಲ್ಲ ಎತ್ತಿದಳು. ಕನ್ನಡಕದಕ್ಕ ಬಿಚ್ಚುವುದನ್ನು ನಿಲ್ಲಿಸಿರಲಿಲ್ಲ.

ಹೇಳಿದೆ. ಒಂದು ಮಾತೂ ಹೆಚ್ಚಾಗಲಿಲ್ಲ, ಒಂದೂ ಕಡಿಮೆಯಾಗಲಿಲ್ಲ. ಜೀವನದಲ್ಲಿ ಆ ಭಾಷೆಯನ್ನು ಅಷ್ಟು ಚೆನ್ನಾಗಿ ನಾನು ಎಂದೂ ಆಡಿರಲಿಲ್ಲ.

ಮೇಡಂ ಮುಖದಲ್ಲಿ ನಗು ಇರಲಿಲ್ಲ. ಅದು ಒಳ್ಳೆಯ ಲಕ್ಷಣ ಎಂದು ಈಗ ನನಗೆ ಗೊತ್ತಿತ್ತು. "ಇದಕ್ಕೆ ನಾನೊಬ್ಬಳೇ ಹೂಂ ಅನ್ನೋಕೆ ಆಗುವುದಿಲ್ಲ" ಎಂದಳು. "ಮೇಲಿನವರು ಬೇಡ ಅನ್ನಬಹುದು. ಆದರೆ ನಾನು ಅವರ ಎದುರು ನಿಮ್ಮ ಪರ ಮಾತಾಡುತ್ತೇನೆ. ಈ ಹೊಲಿಗೆ ಏನು ಅಂತ ಕೋಟು ತೊಡುವವರಿಗೆ ಗೊತ್ತಾಗುವ ಹಾಗೆ ಒಂದು ಸಣ್ಣ ಕಾರ್ಡು ಬರೆದುಕೊಡಿ, ಪ್ರತಿ ಕೋಟಿನ ಜೇಬಿಗೂ ಹಾಕೋಣ."

ಆ ಮಧ್ಯಾಹ್ನವೆಲ್ಲ ಅವಳು ಕನ್ನಡಕದಕ್ಕನ ಪಕ್ಕ ಕೂತು ರಫು ನೋಡಿದಳು. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದು. ನನ್ನನ್ನು ಕರೆಯಲೂ ಇಲ್ಲ. ಕನ್ನಡಕದಕ್ಕ ತನ್ನ ದೀಪವನ್ನು ಸ್ವಲ್ಪ ಅತ್ತ ತಿರುಗಿಸಿದಳು, ನೋಡುವವಳ ಕಣ್ಣಿಗೆ ಕುಕ್ಕದಿರಲಿ ಎಂದು. ಹಾಗೆ ತಿರುಗಿಸಿದ್ದರಿಂದ ತನಗೇ ನೆರಳಾಯಿತು. ಅದನ್ನು ನೋಡಿ ಮೇಡಂ ಸ್ಟೂಲನ್ನು ಎತ್ತಿಕೊಂಡು ಇನ್ನೊಂದು ಬದಿಗೆ ಹೋಗಿ ಕೂತು, ದೀಪವನ್ನು ಮೊದಲಿದ್ದ ಕಡೆಗೆ ತಿರುಗಿಸಿಕೊಟ್ಟಳು.

ಕಾರ್ಡು ಬರೆಯುವುದು ನನ್ನ ಪಾಲಿಗೆ ಬಂತು. ಮೊದಲು ಒಂದು ಪುಟ ಬರೆದೆ. ಪರಂಪರೆ, ಪ್ರೀತಿ, ದೂರದ ದೇಶಗಳ ನಡುವಿನ ಸೇತುವೆ ಎಲ್ಲವೂ ಅದರಲ್ಲಿತ್ತು. ಸೊಸೆಗೆ ಓದಿ ಹೇಳಿದೆ. "ಕೋಟಿನ ವಿಷಯ ಯಾವಾಗ ಬರುತ್ತೆ?" ಎಂದಳು. ಕತ್ತರಿ ಹಾಕುತ್ತ ಹಾಕುತ್ತ ಕೊನೆಗೆ ಉಳಿದದ್ದು ಇಷ್ಟು: ಈ ಕೋಟನ್ನು ಒಬ್ಬರೇ ರಫು ಮಾಡಿದ್ದಾರೆ. ಒಳಗಿನ ಬಣ್ಣದ ಹೊಲಿಗೆ ಅವರ ಗುರುತು. ರಫು ಬಿಟ್ಟರೆ ಆ ಬಣ್ಣ ತಿಳಿಸಿ ಕಳಿಸಿ. ಅವರೇ ಸರಿಮಾಡುತ್ತಾರೆ.

ಮೇಡಂ ಹೋಗಿ ಮೂರು ವಾರ ಏನೂ ಬರಲಿಲ್ಲ. ಇದ್ದ ಪೆಟ್ಟಿಗೆಗಳು ಮುಗಿಯುತ್ತ ಬಂದವು. ಯಾರೂ ಆ ವಿಷಯ ಎತ್ತಲಿಲ್ಲ. ಗುರುತು ಹಾಕುವುದನ್ನೂ ಯಾರೂ ಬಿಡಲಿಲ್ಲ, ಒಂದೊಂದೇ, ಒಳಗಡೆ. ಇಪ್ಪತ್ತೆರಡನೆಯ ದಿನ ಉತ್ತರ ಬಂತು. ಓದಲು ನಿಂತು ನಾನು ಕಾಗದವನ್ನು ತಿರುಗಿಸಿ ನೋಡಿದೆ, ಹಿಂದೆ ಏನಾದರೂ ಇದೆಯೇ ಎಂದು.

"ಒಪ್ಪಿಗೆ ಸಿಕ್ಕಿತು. ಒಂದು ಹೊಲಿಗೆ, ಒಳಗಡೆ, ಕಾರ್ಡಿನ ಜೊತೆ. ನಲವತ್ತು ಪೆಟ್ಟಿಗೆ ಹೊರಟಿವೆ."

"ಅಷ್ಟೇನಾ?" ಎಂದಳು ಮಾತಿನಮಲ್ಲಿ. "ಹೇಗಿದೀರಿ ಅಂತಾನೂ ಇಲ್ಲ. ಕೋಪ ಬಂದಿದೆಯಾ ಅವರಿಗೆ?"

"ಇಲ್ಲ ಕಣೆ" ಎಂದೆ. "ನಮ್ಮವಳಾಗಿದಾಳೆ."

ಸೊಸೆ ಎದ್ದು ಹೋಗಿ ಏಳು ಕಿಟಕಿಗಳ ಗಾಜನ್ನೂ ಒಂದೊಂದಾಗಿ ಒರೆಸಿದಳು. ಸಂತೋಷವಾದರೆ ಅವಳು ಏನನ್ನಾದರೂ ಒರೆಸುತ್ತಾಳೆ.

ಚಳಿಗಾಲದ ಪೆಟ್ಟಿಗೆಗಳಲ್ಲಿ ಒಂದರೊಳಗೆ ಒಂದು ಕಂದು ಕೋಟು ಬಂತು. ಅದರ ಗುಂಡಿಗೆ ಒಂದು ಚೀಟಿ ಕಟ್ಟಿತ್ತು. ಕಂಪನಿಯದಲ್ಲ, ಕೋಟು ತೊಡುವ ಯಾರದೋ ಕೈಬರಹ, ಅಕ್ಷರ ನೋಡಿದರೆ ನನ್ನ ವಯಸ್ಸಿನವರದ್ದು. ನಾನು ಎದ್ದು ನಿಂತು ಓದಿದೆ.

"ಕಿತ್ತಳೆ ದಾರದವರಿಗೆ. ಜೇಬಿನ ತಳದಲ್ಲಿ ನೀವು ಮಾಡಿದ ರಫು ಗಟ್ಟಿಯಾಗಿದೆ. ಆದರೆ ಒಳಗೆ ಒಂದು ಗಂಟು ಉಳಿದಿದೆ, ಕೈ ಹಾಕಿದಾಗಲೆಲ್ಲ ಬೆರಳಿಗೆ ತಾಗುತ್ತದೆ. ದಯವಿಟ್ಟು ಸರಿಮಾಡಿ."

ಮಾತಿನಮಲ್ಲಿ ಚೀಟಿಯನ್ನು ನನ್ನ ಕೈಯಿಂದ ತೆಗೆದುಕೊಂಡಳು. "ನನಗಾ? ನನಗೇ ಬರೆದ್ರಾ?" ಎಂದು ಕೇಳಿ, ಹತ್ತು ಮೇಜುಗಳಿಗೂ ಹೋಗಿ ತೋರಿಸಿದಳು. "ನೋಡಿ, ನನ್ನ ಮೇಲೆ ದೂರು ಬಂದಿದೆ. ಸಮುದ್ರದಾಚೆಯಿಂದ." ಇಸ್ತ್ರಿ ಮಾವ ಕೈ ಒರೆಸಿಕೊಂಡು ಚೀಟಿ ಹಿಡಿದು, ತಿಳಿಯದ ಅಕ್ಷರಗಳನ್ನು ಗೌರವದಿಂದ ನೋಡಿ, "ಒಳ್ಳೇದಾಯ್ತಮ್ಮ" ಎಂದ. ಅವಳು ಅದನ್ನು ಕೆಳಗಿನ ಸೈಕಲ್ ಅಂಗಡಿಗೂ ತೆಗೆದುಕೊಂಡು ಹೋಗಿ ಬಂದಳು.

ಆಮೇಲೆ ಕೂತು ಜೇಬನ್ನು ಹೊರಗೆ ಎಳೆದು, ಬೆರಳಾಡಿಸಿ, ಗಂಟು ಹುಡುಕಿದಳು. ಇತ್ತು. ಅದನ್ನು ಬಿಚ್ಚಿ, ಎಳೆಯ ತುದಿಯನ್ನು ನೇಯ್ಗೆಯೊಳಗೆ ಹುದುಗಿಸಲು ಅವಳಿಗೆ ಅರ್ಧ ಗಂಟೆ ಹಿಡಿಯಿತು. ಆ ಅರ್ಧ ಗಂಟೆ ಅವಳು ಒಂದು ಮಾತೂ ಆಡಲಿಲ್ಲ. ಮುಗಿದ ಮೇಲೆ ನನ್ನ ಕುರ್ಚಿಯ ಹತ್ತಿರ ಬಂದು ನಿಂತಳು.

"ಅಜ್ಜಿ, ಉತ್ತರ ಬರೀರಿ. ಗಂಟು ಬಿಟ್ಟಿದ್ದು ನಾನೇ. ತೆಗೆದಿದೀನಿ. ಕೈ ಹಾಕಿ ನೋಡಿ."

ಬರೆದೆ. ಅವಳು ನನ್ನ ಪೆನ್ನನ್ನೇ ನೋಡುತ್ತ ನಿಂತಿದ್ದಳು. ಬರೆದದ್ದನ್ನು ಮತ್ತೆ ನಮ್ಮ ಮಾತಿನಲ್ಲಿ ಓದಿ ಹೇಳಿ ಎಂದಳು. ಓದಿದೆ. ಮೂರು ವಾಕ್ಯವೂ ಅವಳು ಹೇಳಿದಂತೆಯೇ ಇದ್ದವು. ಅವಳು ತಲೆಯಾಡಿಸಿ, ಆ ಉತ್ತರದ ಚೀಟಿಯನ್ನು ಮಡಿಚಿ, ತಾನೇ ಸರಿಮಾಡಿದ ಆ ಜೇಬಿನ ತಳಕ್ಕೆ ಇಳಿಸಿದಳು.